ಖಾಲಿ ಇದ್ದಾಗ ತೇಲ್ತೈತಿ, ಲೋಡ್ ಹಾಕಿದ್ರ ಸುಮ್ಮಾಗ್ತೈತಿ: ಫೋರ್ ವೀಲ್ ಪಿಕಪ್ಪಿನ ಸ್ಟೇರಿಂಗ್ ದೋಷ ಹಿಡಿಯೋದು ಹೆಂಗ

ನಮ್ಮದು ಫೋರ್ ವೀಲ್ ಡ್ರೈವ್ ಪಿಕಪ್ ರೀ, ಹಳೇ ನಮೂನಿದು, ಮುಂದ ಹಿಂದ ಎರಡೂ ಕಡೆ ಗಟ್ಟಿ ಆಕ್ಸಲ್ಲು, ನಾಕೂ ಗಾಲಿಗೆ ಕಮಾನ್ ಪಾಟಾ (ಲೀಫ್ ಸ್ಪ್ರಿಂಗು), ರ‍್ಯಾಕ್ ಅಲ್ಲ, ಸ್ಟೇರಿಂಗ್ ಬಾಕ್ಸ್ ಇರೋ ಗಾಡಿ. ತಿಕೋಟಾ ಕಡೆ ದ್ರಾಕ್ಷಿ ತೋಟ ಐತಿ, ಮಳಿ ಹತ್ತಿತಂದ್ರ ಎರಿ ಮಣ್ಣಿನ ದಾರಿಯೊಳಗ ಬ್ಯಾರೆ ಗಾಡಿ ಒಂದೂ ಬರಂಗಿಲ್ಲ, ಅದಕ್ಕಂತ ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡ್ವಿ. ಹೊಲದಾಗ ಆನಿ ಹಂಗ ನಡೀತಿತ್ತು, ಆದ್ರ ಡಾಂಬರ್ ರೋಡಿಗೆ ಬಂದು 60 ದಾಟಿತಂದ್ರ ಗಾಡಿ ನೆಟ್ಟಗ ಹೋಗವಲ್ದು. ಒಮ್ಮಿ ಎಡಕ್ಕ, ಒಮ್ಮಿ ಬಲಕ್ಕ, ನಾವು ತಿದ್ದಿದ್ರ ಜಾಸ್ತಿ ತಿರುಗ್ತೈತಿ, ಮತ್ತ ಅದನ್ನ ತಿದ್ದಬೇಕು. ಸೊಲ್ಲಾಪುರ ರೋಡಿನ್ಯಾಗ ಎದುರಿಗೆ ಕಂಟೇನರ್ ಬರೋವಾಗ ಎರಡೂ ಕೈಯಿಂದ ಸ್ಟೇರಿಂಗ್ ಗಟ್ಟಿ ಹಿಡಕೊಂಡು ಕುಂದ್ರೋದು, ವಿಜಯಪುರ ಮುಟ್ಟೋದ್ರೊಳಗ ಹೆಗಲು ನೋಯ್ತಿದ್ವು.

ಆರು ತಿಂಗಳು ಇದರ ಹಿಂದ ಬಿದ್ದೀವಿ. ಮುಂದಿನ ಎರಡು ಗಾಲಿ ಕೂಡಿಸೋ ಟೈ ರಾಡಿನ ಎರಡೂ ಎಂಡ್ ಬದಲಿ ಮಾಡಿಸಿದ್ವಿ, ಅಲೈನ್‌ಮೆಂಟ್ ಮೂರು ಸಲ ಮಾಡಿಸಿದ್ವಿ, ಸ್ಟೇರಿಂಗ್ ಬಾಕ್ಸ್ ಎರಡು ಸಲ ಬಿಗಿ ಮಾಡಿಸಿದ್ವಿ. ಎರಡನೇ ಸಲ ಬಿಗಿ ಮಾಡಿದ ಮ್ಯಾಲ ಇನ್ನೂ ಕೆಟ್ಟಾತು. ಕಡೀಕ ಸಿಕ್ಕ ಕಾರಣ ಸ್ಟೇರಿಂಗ್ ಕಡೆ ಇರ್ಲೇ ಇಲ್ಲ, ಹಿಂದಿನ ಪಾಟಾದಾಗ ಇತ್ತು. ಅದಕ್ಕ ಯಾವ ಕ್ರಮದಾಗ ನೋಡ್ಕೋತ ಹೋಗಬೇಕು, ಎಲ್ಲೆಲ್ಲಿ ದಾರಿ ತಪ್ತೈತಿ ಅನ್ನೋದನ್ನ ಪೂರ್ತಿ ಬರೀತೀನಿ.

ಮೊದಲ ತ್ರಾಸು ಯಾವುದಂತ ಗೊತ್ತು ಮಾಡ್ಕೋರಿ

ಗ್ಯಾರೇಜಿಗೆ ಹೋಗಿ ಬರೇ "ಸ್ಟೇರಿಂಗ್ ಎಳೀತೈತಿ" ಅಂದ್ರ ಮಿಸ್ತ್ರಿ ಬ್ಯಾರೇನ ನೋಡ್ತಾನ. ಯಾವಾಗ್ಲೂ ಒಂದ ಕಡೆ ಎಳೆದ್ರ ಅದು ಎಳೆತ, ಒಂದು ಟೈರಿನ್ಯಾಗ ಹವಾ ಕಡಿಮಿ, ಇಲ್ಲಾಂದ್ರ ಒಂದು ಬ್ರೇಕ್ ಹಿಡಕೊಂಡೈತಿ, ಇಲ್ಲಾಂದ್ರ ಕ್ಯಾಂಬರ್ ಕ್ಯಾಸ್ಟರ್, ಅಂದ್ರ ಗಾಲಿ ವಾಲಿರೋ ಕೋನ, ಎಡಕ್ಕೂ ಬಲಕ್ಕೂ ಬ್ಯಾರೆ ಬ್ಯಾರೆ ಆಗ್ಯಾವು. ಒಂದು ಸ್ಪೀಡಿಗೆ ಸ್ಟೇರಿಂಗ್ ಗಡಗಡ ನಡುಗಿದ್ರ ಅದು ಬ್ಯಾಲೆನ್ಸಿಂಗ್, ರಿಮ್ ಬೆಂಡ್, ಇಲ್ಲಾ ಜಾಯಿಂಟ್ ಸಡ್ಲ ಆಗಿ ಬರೋ ನಡುಕ. ತೇಲೋದು ಅಂದ್ರ ಇವೆರಡೂ ಅಲ್ಲ. ಗಾಡಿಗೆ ತಾನ ನೆಟ್ಟಗ ಹೋಗೋ ಬುದ್ಧಿ ಹೋಗಿರ್ತೈತಿ, ಯಾವ ಕಡೆ ಬೇಕಾದ್ರೂ ಹೋಗ್ತೈತಿ, ನೀವು ಕ್ಷಣಕ್ಷಣಕ್ಕ ತಿದ್ದತಿರಬೇಕು.

ರೋಡಿನ ತಪ್ಪನ್ನ ಗಾಡಿ ಮ್ಯಾಲ ಹಾಕಬ್ಯಾಡ್ರಿ. ಜಮಖಂಡಿ ಮುಧೋಳ ಕಡೆ ಕಬ್ಬಿನ ಸೀಜನ್ನಿನ್ಯಾಗ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಓಡ್ಯಾಡಿ ರೋಡಿನ್ಯಾಗ ಗಾಲಿ ಗುಂಟ ತಗ್ಗು ಬಿದ್ದಿರ್ತೈತಿ, ಅಗಲ ಟೈರು ಆ ತಗ್ಗಿನ ಅಂಚು ಹತ್ತೋದು ಇಳಿಯೋದು ಮಾಡಿದ್ರ ಎಂಥಾ ಹೊಸಾ ಗಾಡಿನೂ ಅಲ್ಲಾಡ್ತೈತಿ. ಕೊಲ್ಹಾರ ಸೇತುವಿ ಮ್ಯಾಲ ಅಡ್ಡಗಾಳಿ ಬೀಸೋವಾಗ ಪರೀಕ್ಷೆ ಮಾಡಿದ್ರೂ ಏನೂ ತಿಳಿಯಂಗಿಲ್ಲ. ಗಾಳಿ ಇಲ್ಲದ ಮುಂಜಾನಿ ಹೊತ್ತು, ಸಪಾಟ ರೋಡು, ಟ್ರಾಫಿಕ್ ಕಡಿಮಿ ಇರೋ ಜಾಗಾ ಹುಡುಕಿ ಒಂದ ರೋಡಿನ್ಯಾಗ ಹೋಗಿ, ಅದ ರೋಡಿನ್ಯಾಗ ತಿರುಗಿ ಬರ್ರಿ.

ಆಮ್ಯಾಲ ಒಂದು ಪ್ರಶ್ನೆ ಕೇಳ್ಕೋರಿ, ನಮಗ ಆರು ತಿಂಗಳು ಯಾರೂ ಕೇಳದ ಪ್ರಶ್ನೆ ಇದು: ಗಾಡಿ ಖಾಲಿ ಇದ್ದಾಗ ತೇಲ್ತೈತೋ, ಲೋಡ್ ಇದ್ದಾಗ ತೇಲ್ತೈತೋ, ಎರಡೂ ಹೊತ್ತಿನ್ಯಾಗೋ? ಇದರ ಉತ್ತರ ಕಾಗದದ ಮ್ಯಾಲ ಬರ್ಕೊಂಡು ಇಟ್ಕೋರಿ, ಮುಂದ ಬೇಕಾಗ್ತೈತಿ.

ಹವಾ, ಟೈರು, ಫೋರ್ ವೀಲ್ ಲಿವರ್

ಇವು ಪುಕ್ಕಟ ಆಗೋ ಚೆಕ್ಕು, ಅದಕ್ಕ ಮೊದಲ. ಹವಾ ತಣ್ಣಗಿದ್ದಾಗ ನೋಡ್ರಿ, ಬಾಗಲಾ ಹತ್ರ ಇರೋ ಸ್ಟಿಕರ್ ಪ್ರಕಾರ ಹಾಕ್ರಿ. ಲೋಡ್ ಗಾಡಿ ಅಂತ ಹಿಂದ ಜಾಸ್ತಿ ಹಾಕೋದು ಸರಿ, ಮುಂದಿನದು ಮರೀಬ್ಯಾಡ್ರಿ, ಮುಂದ ಹವಾ ಕಡಿಮಿ ಇದ್ರ ಟೈರಿನ ಪಕ್ಕಡಿ ಬಾಗಿ ಸ್ಟೇರಿಂಗ್ ಮಾತು ತಡಾ ಕೇಳ್ತೈತಿ. ಹೊಲಕ್ಕಂತ ಹಾಕಿಸಿದ ಮಡ್ ಟೈರಿನ ದೊಡ್ಡ ದೊಡ್ಡ ರಬ್ಬರ್ ತುಣಕು ಡಾಂಬರಿನ ಮ್ಯಾಲ ತಾವ ಬಾಗ್ತಾವು, ಹೊಸಾದಿದ್ದಾಗ ಸ್ವಲ್ಪ ತೇಲಿದಂಗ ಅನ್ನಿಸೋದು ಸಹಜ. ಒಂದ ಆಕ್ಸಲ್ಲಿನ್ಯಾಗ ಒಂದು ರೇಡಿಯಲ್, ಒಂದು ಹಳೇ ನೈಲಾನ್ ಟೈರು ಹಾಕಿರಬಾರದು. ಫೋರ್ ವೀಲ್ ಗಾಡಿಗೆ ನಾಕೂ ಟೈರಿನ ಸುತ್ತಳತಿ ಒಂದ ಇರಬೇಕು, ಇಲ್ಲಾಂದ್ರ ಗೇರ್ ಸಾಮಾನೂ ಹಾಳಾಗ್ತೈತಿ.

ಲಿವರ್ ಟೂ ವೀಲಿನ್ಯಾಗ ಐತೋ ನೋಡ್ರಿ. ಕೆಸರಿನ್ಯಾಗ ಫೋರ್ ವೀಲಿಗೆ ಹಾಕಿ ಹಂಗ ರೋಡಿಗೆ ಬಂದ್ರ ಮುಂದಿನ ಹಿಂದಿನ ಆಕ್ಸಲ್ಲು ಒಂದಕ್ಕೊಂದು ಜಗ್ಗಾಡ್ತಾವು, ಸ್ಟೇರಿಂಗ್ ಭಾರ ಆಗ್ತೈತಿ, ತಿರುವಿನ್ಯಾಗ ಗಾಡಿ ಜರ್ಕ್ ಹೊಡೀತೈತಿ. ಲಿವರ್ ಟೂ ವೀಲಿಗೆ ಬಂದಿದ್ರೂ ಒಮ್ಮೊಮ್ಮೆ ಒಳಗ ಬಿಟ್ಟಿರಂಗಿಲ್ಲ. ಖಾಲಿ ಮಣ್ಣಿನ ಮೈದಾನದಾಗ ಫುಲ್ ಸ್ಟೇರಿಂಗ್ ತಿರುಗಿಸಿ ಮೆಲ್ಲಕ ಒಂದು ಸುತ್ತು ಹಾಕ್ರಿ, ಗಾಲಿ ಹಾರಿ ಹಾರಿ ಸುತ್ತಿದ್ರ ಇನ್ನೂ ಹಿಡಕೊಂಡೈತಿ ಅಂತ ಅರ್ಥ.

ನಿಂತ ಗಾಡಿಯೊಳಗ ಆಟ ಹುಡುಕೋದು

ಸ್ಟೇರಿಂಗ್ ಪ್ಲೇ, ಅಂದ್ರ ಜಾಯಿಂಟ್ ಸಡ್ಲ ಆಗಿ ಬರೋ ಆಟ, ಹುಡುಕಾಕ ಜಾಕ್ ಹಚ್ಚಬ್ಯಾಡ್ರಿ, ಗಾಲಿ ನೆಲದ ಮ್ಯಾಲ ಭಾರ ಹೊತ್ತಿರಬೇಕು, ಆಗ ಸಡ್ಲ ಇದ್ದದ್ದು ತಾನ ತೋರಿಸ್ಕೋತೈತಿ. ಹ್ಯಾಂಡ್ ಬ್ರೇಕ್ ಎಳೀರಿ, ಗೇರ್ ನ್ಯೂಟ್ರಲ್, ಹಿಂದಿನ ಗಾಲಿಗೆ ಹಿಂದೂ ಮುಂದೂ ಕಲ್ಲು ಕೊಡ್ರಿ. ಪವರ್ ಸ್ಟೇರಿಂಗ್ ಇದ್ರ ಎಂಜಿನ್ ಚಾಲೂ ಇರ್ಲಿ. ಒಬ್ಬರು ಕುಂತು ಸ್ಟೇರಿಂಗನ್ನ ಗಡಿಯಾರದ ಹನ್ನೊಂದರಿಂದ ಒಂದರ ತನಕ ಅಷ್ಟ ಎಡಕ್ಕ ಬಲಕ್ಕ ಆಡಿಸ್ತಿರಬೇಕು, ಇನ್ನೊಬ್ಬರು ಕೆಳಗ. ನಮ್ಮ ಮನ್ಯಾಗ ತಮ್ಮನ್ನ ಸ್ಟೇರಿಂಗಿಗೆ ಕುಂದ್ರಿಸಿ ನಾನು ಕೆಳಗ ಹೋದೆ. ಕೈ ಬೆರಳು ಜಾಯಿಂಟಿನ ಸಂದ್ಯಾಗ ಇಡಬ್ಯಾಡ್ರಿ, ಹೊರಗಿಂದ ಎರಡೂ ತುಣಕಿನ ಮ್ಯಾಲ ಬೆರಳು ಇಟ್ರ ಸಾಕು, ಆಟ ಇದ್ರ ಚರ್ಮಕ್ಕ ಗೊತ್ತಾಗ್ತೈತಿ.

ಚಲನಿ ಎಲ್ಲಿಂದ ಎಲ್ಲಿಗೆ ಹೋಗ್ತೈತಿ ಅನ್ನೋದನ್ನ ಮ್ಯಾಲಿಂದ ಹಿಡ್ಕೋತ ಬರ್ರಿ. ಸ್ಟೇರಿಂಗ್ ಕಾಲಮ್ಮಿನ ಕೆಳಗ ಇರೋ ಕ್ರಾಸ್ ಜಾಯಿಂಟ್ ಇಲ್ಲಾ ರಬ್ಬರ್ ಕಪ್ಲಿಂಗ್, ಅಲ್ಲಿಂದ ಬಾಕ್ಸಿನ ಒಳಗ ಹೋಗೋ ಶಾಫ್ಟು, ಬಾಕ್ಸಿನಿಂದ ಹೊರಗ ಬರೋ ಪಿಟ್‌ಮನ್ ಆರ್ಮು, ಅದಕ್ಕ ಕೂಡಿದ ಡ್ರ್ಯಾಗ್ ಲಿಂಕ್ ಅನ್ನೋ ರಾಡು, ಗಾಲಿ ಹಿಡಕೊಂಡು ತಿರುಗೋ ನಕಲ್ಲು, ಅಲ್ಲಿಂದ ಟೈ ರಾಡ್ ಹಿಡಕೊಂಡು ಆಕಡೆ ಗಾಲಿ. ಮ್ಯಾಲಿನ ತುಣಕು ತಿರುಗಿ ಕೆಳಗಿನದು ಸುಮ್ಮ ನಿಂತ ಜಾಗಾದಾಗ ದೋಷ ಐತಿ. ಬಾಕ್ಸಿಗೆ ಹೋಗೋ ಶಾಫ್ಟು ತಿರುಗ್ತೈತಿ, ಪಿಟ್‌ಮನ್ ಆರ್ಮು ತಿರುಗವಲ್ದು ಅಂದ್ರ ಆಗ ಬಾಕ್ಸಿನ ಮಾತು ಆಡ್ರಿ, ಅದಕ್ಕೂ ಮೊದಲ ಬ್ಯಾಡ. ಬಾಕ್ಸ್ ಚಾಸಿಗೆ ಕೂಡೋ ಬೋಲ್ಟು ಸಡ್ಲ ಆಗಿ ಇಡೀ ಬಾಕ್ಸ್ ಅಲ್ಲಾಡ್ತಿರೋದೂ ಐತಿ, ಅಲ್ಲಿ ಚಾಸಿ ಬಿರುಕು ಬಿಟ್ಟೈತೇನು ಬ್ಯಾಟರಿ ಹಿಡದು ನೋಡ್ರಿ.

ಈ ಬಾಕ್ಸ್ ಬಿಗಿ ಮಾಡೋ ಚಟದ ಬಗ್ಗೆ ಸ್ವಲ್ಪ ಹೆಚ್ಚಿಗಿ ಹೇಳಬೇಕು, ಯಾಕಂದ್ರ ಹಾಳಾಗೋದು ಇಲ್ಲೇ. ಬಾಕ್ಸಿನ ಮ್ಯಾಲ ಲಾಕ್ ನಟ್, ನಡುವ ಒಂದು ಸ್ಕ್ರೂ ಇರ್ತೈತಿ, ಅದು ಒಳಗಿನ ಸೆಕ್ಟರ್ ಶಾಫ್ಟನ್ನ ಒತ್ತತೈತಿ. ಗಾಲಿ ನೆಟ್ಟಗ ಇದ್ದಾಗ ಒಳಗಿನ ಹಲ್ಲು ಎಲ್ಲಾಕ್ಕಿಂತ ಬಿಗಿ ಕೂಡೂವಂಗ ಮಾಡಿರ್ತಾರ. ಗಾಲಿ ಒಂದು ಕಡೆ ತಿರುಗಿದ್ದಾಗ ಸ್ಕ್ರೂ ಬಿಗಿ ಮಾಡಿದ್ರ ಪ್ಲೇ ಹೋತು ಅನ್ನಿಸ್ತೈತಿ, ಆದ್ರ ನೆಟ್ಟಗ ಬಂದಾಗ ಹಲ್ಲು ಹಲ್ಲು ಕಚ್ಚಿಕೊಂತಾವು. ಆಗ ಸ್ಟೇರಿಂಗ್ ನಡುವ ಜಾಗಾದಾಗ ಅಂಟಿಕೊಂಡಂಗ ಆಗ್ತೈತಿ, ಬಿಟ್ರ ತಾನ ತಿರುಗಿ ಬರಂಗಿಲ್ಲ, ಗಾಡಿ ಇನ್ನೂ ಜಾಸ್ತಿ ತೇಲ್ತೈತಿ. ನಮ್ಮದು ಎರಡನೇ ಸಲ ಕೆಟ್ಟದ್ದು ಹಿಂಗ. ಮುಂದಿನ ಗಾಲಿ ಎತ್ತಿ, ಡ್ರ್ಯಾಗ್ ಲಿಂಕ್ ಬಿಚ್ಚಿ, ಎಂಜಿನ್ ಬಂದ್ ಇಟ್ಟು ಸ್ಟೇರಿಂಗನ್ನ ಒಂದು ತುದಿಯಿಂದ ಇನ್ನೊಂದು ತುದಿ ತನಕ ಮೆಲ್ಲಕ ತಿರುಗಿಸಿ ನೋಡ್ರಿ, ನಡುವ ಹೊಸ್ತಿಲಾ ದಾಟಿದಂಗ ತಡೆದ್ರ ಬಿಗಿ ಜಾಸ್ತಿ ಆಗೇತಿ. ಪುಸ್ತಕದ ಪ್ರಕಾರ, ಗಾಲಿ ನೆಟ್ಟಗ ಇಟ್ಟು, ಒಂಚೂರ ಒಂಚೂರ ತಿರುಗಿಸಿ ಸೆಟ್ ಮಾಡೋದು ಅದು.

ಜಾಯಿಂಟ್ ಸಡ್ಲ ಇದ್ರ ತೇಲ್ತೈತಿ ಅಂತ ಎಲ್ಲಾರಿಗೂ ಗೊತ್ತು. ಬಿಗಿ ಇದ್ರೂ ತೇಲ್ತೈತಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಗಾಲಿ ಎಡಕ್ಕ ಬಲಕ್ಕ ತಿರುಗೋ ಕೀಲು, ಅಂದ್ರ ಕಿಂಗ್ ಪಿನ್ನಿಗೆ, ಗ್ರೀಸ್ ಇಲ್ದ ಎರಿ ಮಣ್ಣು ನೀರು ಹೊಕ್ಕು ಒಣಗಿದ್ರ ಗಾಲಿ ಇದ್ದಲ್ಲೇ ನಿಂತುಬಿಡ್ತೈತಿ, ಎಡಕ್ಕ ತಿದ್ದಿದ್ರ ಎಡಕ್ಕೇ ಉಳೀತೈತಿ. ಡ್ರ್ಯಾಗ್ ಲಿಂಕ್ ಬಿಚ್ಚಿದಾಗ್ಲೇ ಗಾಲಿನ್ನ ಕೈಯಿಂದ ಆಡಿಸಿ ನೋಡ್ರಿ, ಒಂದ ಹದದಾಗ ತಿರುಗಬೇಕು, ಎಲ್ಲೂ ಹಿಡೀಬಾರದು. ಪವರ್ ಸ್ಟೇರಿಂಗ್ ಇದ್ರ ಇನ್ನೊಂದು ಐತಿ: ಎಲ್ಲಾ ಕೂಡಿಸಿದ ಮ್ಯಾಲ ಮುಂದಿನ ಗಾಲಿ ಎತ್ತಿ ಎಂಜಿನ್ ಚಾಲೂ ಮಾಡ್ರಿ, ಯಾರೂ ಮುಟ್ಟದ ಸ್ಟೇರಿಂಗ್ ತಾನ ಒಂದು ಕಡೆ ತಿರುಗಿದ್ರ ಒಳಗಿನ ವಾಲ್ವ್ ಕೆಟ್ಟೈತಿ.

ಗಾಲಿ ಎತ್ತಿ ನೋಡೋದು

ಬರೇ ಜಾಕಿನ ಮ್ಯಾಲ ಗಾಡಿ ಬಿಟ್ಟು ಕೆಳಗ ಹೋಗಬ್ಯಾಡ್ರಿ, ಸ್ಟ್ಯಾಂಡ್ ಇಲ್ಲಾಂದ್ರ ಆಕ್ಸಲ್ಲಿನ ಕೆಳಗ ಗಟ್ಟಿ ಕಟ್ಟಿಗಿ ದಿಮ್ಮಿ ಕೊಡ್ರಿ, ಎರಿ ನೆಲದ ಮ್ಯಾಲಂತೂ ಬ್ಯಾಡೇ ಬ್ಯಾಡ, ಜಾಕ್ ಒಳಗ ಇಳೀತೈತಿ. ಗಾಲಿನ್ನ ಮ್ಯಾಲ ಕೆಳಗ ಹಿಡಿದು ಅಲ್ಲಾಡಿಸ್ರಿ. ಆಟ ಇದ್ರ ಒಬ್ಬರಿಗೆ ಬ್ರೇಕ್ ಒತ್ತಾಕ ಹೇಳ್ರಿ, ಆಟ ಹೋತಂದ್ರ ಹಬ್ ಬೇರಿಂಗು, ಹಂಗ ಉಳೀತಂದ್ರ ಕಿಂಗ್ ಪಿನ್ನು ಇಲ್ಲಾ ಬಾಲ್ ಜಾಯಿಂಟು. ಎಡಕ ಬಲಕ ಹಿಡಿದು ಆಡಿಸಿದಾಗ ಬಂದ ಆಟ ಭಾಳ ಮಾಡಿ ಟೈ ರಾಡ್ ಕಡೆದು. ನಮ್ಮ ಗಾಡಿ ಬಲಗಡೆ ಬೇರಿಂಗಿನ್ಯಾಗ ಸ್ವಲ್ಪ ಆಟ ಇತ್ತು, ಗ್ರೀಸ್ ತೊಳದು ಹೋಗಿ ಕೆಸರಿನ ಬಣ್ಣಕ್ಕ ಬಂದಿತ್ತು, ಹೊಸಾ ಗ್ರೀಸ್ ಹಾಕಿ ನಟ್ ಹದಾ ಮಾಡಿದ್ವಿ, ಅದರಿಂದ ತೇಲೋದು ನಿಲ್ಲಲಿಲ್ಲ.

ಪಾಟಾದ ತುದಿ ಕಣ್ಣಿನ್ಯಾಗ, ಅದನ್ನ ಚಾಸಿಗೆ ಕೂಡಿಸೋ ಶ್ಯಾಕಲ್ಲಿನ್ಯಾಗ ಇರೋ ಬುಷ್ ಹರದಿದ್ರ ಆಕ್ಸಲ್ಲ ಪಕ್ಕಕ್ಕ ಸರೀತೈತಿ. ಕಬ್ಬಿಣದ ಹಾರಿ ಕೊಟ್ಟು ಎಬ್ಬಿಸಿದ್ರ ಗೊತ್ತಾಗ್ತೈತಿ. ಆಕ್ಸಲ್ಲನ್ನ ಪಾಟಾಕ್ಕ ಬಿಗಿಯೋ ಯೂ ಬೋಲ್ಟ್ ಸಡ್ಲ ಆಗಿ ಸೆಂಟರ್ ಬೋಲ್ಟ್ ಕತ್ತರಿಸಿದ್ರ ಆಕ್ಸಲ್ಲು ಪಾಟಾದ ಮ್ಯಾಲ ಹಿಂದ ಮುಂದ ಜಾರ್ತೈತಿ, ಹಿಂದಿನ ಆಕ್ಸಲ್ಲು ಜಾರಿದ್ರ ಗಾಡಿ ಹಿಂದಿನಿಂದ ಸ್ಟೇರಿಂಗ್ ಹೊಡದಂಗ ಆಗ್ತೈತಿ, ಮುಂದ ಏನೇನ್ ಬದಲಿ ಮಾಡಿದ್ರೂ ಉಪಯೋಗ ಇಲ್ಲ. ಟೇಪ್ ಹಿಡಿದು ಮುಂದಿನ ಹಬ್ಬಿನ ನಡುವಿಂದ ಹಿಂದಿನ ಹಬ್ಬಿನ ನಡುವಿನ ತನಕ ಎಡಕ್ಕೂ ಬಲಕ್ಕೂ ಅಳೀರಿ, ಗಾಲಿ ನೆಟ್ಟಗ ಇರಬೇಕು, ಎರಡೂ ಒಂದ ಬರಬೇಕು.

ಟೋ, ಅಂದ್ರ ಮುಂದಿನ ಎರಡು ಗಾಲಿ ಒಳಗ ಇಲ್ಲಾ ಹೊರಗ ಎಷ್ಟು ಮುಖ ಮಾಡ್ಯಾವು ಅನ್ನೋದು, ಮನ್ಯಾಗ ಅಳೀಬಹುದು. ಗಾಲಿ ಎತ್ತಿ ತಿರುಗಿಸ್ಕೋತ ಟೈರಿನ ನಡುವ ಸುಣ್ಣದ ಗೆರಿ ಹಾಕಿ, ಮೊಳಿಯಿಂದ ಸಣ್ಣ ಗೀರು ಎಳೀರಿ, ಗಾಡಿ ಇಳಿಸಿ ಸ್ವಲ್ಪ ಮುಂದ ಹಿಂದ ದಬ್ಬಿ, ಹಬ್ಬಿನ ಎತ್ತರಕ್ಕ ಎರಡೂ ಗಾಲಿಯ ಗೀರಿನ ನಡುವಿನ ಅಂತರ ಮುಂದೊಮ್ಮಿ ಹಿಂದೊಮ್ಮಿ ಅಳೀರಿ. ಈ ನಮೂನಿ ಗಾಡಿಗೆ ಭಾಳ ಮಾಡಿ ಮುಂದಿನ ಅಳತಿ 1ರಿಂದ 3 ಮಿಲಿಮೀಟರ್ ಕಡಿಮಿ ಇರಬೇಕು, ನಿಮ್ಮ ಗಾಡಿ ಪುಸ್ತಕ ನೋಡಿ ಖಾತ್ರಿ ಮಾಡ್ಕೋರಿ. ಮುಂದ ಜಾಸ್ತಿ ಬಂದ್ರ, ಅಂದ್ರ ಟೋ ಔಟ್ ಆಗಿದ್ರ, ತೇಲೇ ತೇಲ್ತೈತಿ. ಟೈ ರಾಡ್ ಆಕ್ಸಲ್ಲಿನ ಹಿಂದ ಇರೋ ಗಾಡಿಯೊಳಗ ಹೊಲದ ಒಡ್ಡು ದಾಟೋವಾಗ ಕಲ್ಲು ಬಡಿದು ರಾಡ್ ಬಾಗಿದ್ರ ಅದರ ಉದ್ದ ಕಡಿಮಿ ಆಗಿ ಸೀದಾ ಟೋ ಔಟ್ ಆಗ್ತೈತಿ, ಬಾಗಿದ ರಾಡಿಗೆ ಅಲೈನ್‌ಮೆಂಟ್ ಮಾಡಿಸಬ್ಯಾಡ್ರಿ, ರಾಡೇ ಬದಲಿ ಮಾಡ್ರಿ.

ಕ್ಯಾಸ್ಟರು, ನಮ್ಮ ತ್ರಾಸು ಇದ್ದ ಜಾಗಾ

ಇಷ್ಟೆಲ್ಲಾ ಸರಿ ಇದ್ದೂ ತೇಲ್ತಿತ್ತು. ಆಗ ಒಬ್ಬ ವಯಸ್ಸಾದ ಮಿಸ್ತ್ರಿ ಕಡೆ ಹೋದೆ, ಗಾಡಿ ಕೆಳಗ ಹೋಗ್ಲೇ ಇಲ್ಲ ಅವರು, ದೂರ ನಿಂತು ಪಕ್ಕಡಿಯಿಂದ ನೋಡಿದ್ರು.

"ಖಾಲಿ ಇದ್ದಾಗ ತೇಲ್ತೈತಲ್ಲೋ ತಮ್ಮಾ?"

"ಹೌದ್ರೀ ಕಾಕಾ, ಮಣೂಕದ ಬಾಕ್ಸ್ ಹೇರಿದಾಗ ಅಷ್ಟು ಇರಂಗಿಲ್ಲ."

"ಹಿಂದ ಎಷ್ಟು ಎತ್ತರ ಆಗೇತಿ ನೋಡು, ಗಾಡಿ ಮೂಗು ನೆಲಾ ಮೂಸಾಕ ಹತ್ತೈತಿ."

ಸೈಕಲ್ಲಿನ ಮುಂದಿನ ಫೋರ್ಕ್ ನೋಡ್ರಿ, ಮ್ಯಾಲಿನ ತುದಿ ನಮ್ಮ ಕಡೆ ವಾಲಿರ್ತೈತಿ. ಗಾಡಿಯೊಳಗೂ ಕಿಂಗ್ ಪಿನ್ನು ಹಂಗ ಹಿಂದಕ್ಕ ವಾಲಿರಬೇಕು, ಆ ವಾಲಿಕೆಗೆ ಕ್ಯಾಸ್ಟರ್ ಅಂತಾರ. ತಿರುವು ಮುಗಿದ ಮ್ಯಾಲ ಸ್ಟೇರಿಂಗ್ ತಾನ ನೆಟ್ಟಗ ಬರೋದು, ರೋಡಿನ್ಯಾಗ ಗಾಲಿ ಸೀದಾ ಉಳಿಯೋದು ಇದರಿಂದ. ಗಟ್ಟಿ ಆಕ್ಸಲ್ ಗಾಡಿಯೊಳಗ ಇದು ಚಾಸಿ ಎಷ್ಟು ವಾಲೈತಿ ಅನ್ನೋದರ ಮ್ಯಾಲ ನಿಂತಿರ್ತೈತಿ. ಹಿಂದಿನ ಭಾಗ ಎತ್ತರ ಆದ್ರ, ಮುಂದಿನದು ಕುಗ್ಗಿದ್ರ, ಇಡೀ ಗಾಡಿ ಮುಂದಕ್ಕ ಬಾಗ್ತೈತಿ, ಕಿಂಗ್ ಪಿನ್ನೂ ಅದರ ಜೋಡಿ ಮುಂದಕ್ಕ ಬರ್ತೈತಿ, ಕ್ಯಾಸ್ಟರ್ ಕಡಿಮಿ ಆಗ್ತೈತಿ.

ಹಳೇ ಮಾಲಕ ಹೆಚ್ಚಿಗಿ ಲೋಡ್ ಹೇರಾಕಂತ ಹಿಂದ ಎರಡು ಪಾಟಾ ಹೆಚ್ಚಿಗಿ ಕೂಡಿಸಿದ್ದ. ನಮ್ಮ ಕಡೆ ಇದನ್ನ ಮಾಡದ ಗಾಡಿ ಅಪರೂಪ. ಬಬಲೇಶ್ವರದಾಗ ನಮ್ಮ ಮಾವನ ಕಡೆ ಅದ ಮಾಡೆಲ್ ಗಾಡಿ ಐತಿ, ಪಾಟಾ ಕಂಪನಿದು ಹಂಗ ಐತಿ, ಎರಡೂ ಗಾಡಿ ಖಾಲಿ ಮಾಡಿ, ಹವಾ ಒಂದ ಮಾಡಿ, ಸಪಾಟ ನೆಲದಾಗ ನಿಂದ್ರಿಸಿ ಹಬ್ಬಿನ ನಡುವಿಂದ ಮಡ್‌ಗಾರ್ಡಿನ ಅಂಚಿನ ತನಕ ಅಳದ್ವಿ. ನಮ್ಮದು ಹಿಂದ 6 ಸೆಂಟಿಮೀಟರ್ ಎತ್ತರ, ಮುಂದ ಎರಡೂವರೆ ಸೆಂಟಿಮೀಟರ್ ಕುಗ್ಗಿತ್ತು. ಒಟ್ಟು ಎಂಟೂವರೆ. ಮುಂದಿನ ಹಿಂದಿನ ಗಾಲಿ ನಡುವಿನ ಅಂತರ ಸುಮಾರು 3 ಮೀಟರ್, ಲೆಕ್ಕ ಹಾಕಿದ್ರ ಚಾಸಿ 1.6 ಡಿಗ್ರಿ ಮುಂದಕ್ಕ ಬಾಗೇತಿ. 3 ಮೀಟರ್ ಗಾಡಿಗೆ ಪ್ರತಿ 5 ಸೆಂಟಿಮೀಟರಿಗೆ ಹತ್ರಹತ್ರ 1 ಡಿಗ್ರಿ ಅಂತ ನೆನಪಿಟ್ಕೋರಿ. ನಮ್ಮ ಪುಸ್ತಕದಾಗ ಕ್ಯಾಸ್ಟರ್ 3 ಡಿಗ್ರಿ ಇರಬೇಕಂತ ಐತಿ, ಅಂದ್ರ ಉಳಿದದ್ದು ಒಂದೂವರೆ ಆಸುಪಾಸು. ಮನೀಗೆ ಬಂದು ಹಳೇ ಅಲೈನ್‌ಮೆಂಟ್ ಚೀಟಿ ತಗದು ನೋಡಿದ್ರ ಅದರಾಗ ಎಡಕ್ಕ 1.5, ಬಲಕ್ಕ 1.2 ಅಂತ ಕೆಂಪಕ್ಷರದಾಗ ಅಚ್ಚಾಗಿತ್ತು! ಮೂರೂ ಸಲ ಚೀಟಿ ಕೈಯಾಗ ಕೊಟ್ಟು "ಟೋ ಸರಿ ಮಾಡೀವ್ರಿ" ಅಂದಿದ್ರು, ಕ್ಯಾಸ್ಟರ್ ತಿದ್ದಾಕ ಈ ಗಾಡಿಯೊಳಗ ಬೋಲ್ಟ್ ಇರಂಗಿಲ್ಲ, ಅದಕ್ಕ ಯಾರೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಚೀಟಿ ಇಸ್ಕೋರಿ, ಪೂರ್ತಿ ಓದ್ರಿ.

ಸಾಮಾನು ಬಿಚ್ಚೋಕ್ಕಿಂತ ಮೊದಲ ಖಾತ್ರಿ ಮಾಡ್ಕೊಳ್ಳೋ ದಾರಿನೂ ಐತಿ. 50 ಕಿಲೋದ ಡಿಎಪಿ ಚೀಲ ಆರು ತಗೊಂಡು ಹಿಂದಿನ ಆಕ್ಸಲ್ಲಿನ ನೇರಕ್ಕ ಇಟ್ವಿ, 300 ಕಿಲೋ ಆತು, ಹಿಂದಿನ ಭಾಗ ಇಳೀತು, ಅದ ರೋಡು, ಅದ ಸ್ಪೀಡು, ತೇಲೋದು ಅರ್ಧಕ್ಕ ಬಂತು. ಜಾಯಿಂಟ್ ಸಡ್ಲ ಇದ್ದಿದ್ರ ಚೀಲ ಇಟ್ರ ಹಿಂಗ ಸುಧಾರಿಸ್ತಿರ್ಲಿಲ್ಲ. ಇದಕ್ಕ ಉಲ್ಟಾ ಆದ್ರ, ಅಂದ್ರ ಲೋಡ್ ಹಾಕಿದಾಗಷ್ಟ ತೇಲಿದ್ರ, ಭಾರ ಹಿಂದಿನ ಆಕ್ಸಲ್ಲಿಗಿಂತ ಹಿಂದ ಬಿದ್ದು ಮುಂದಿನ ಗಾಲಿ ಹಗರ ಆಗ್ಯಾವು, ಇಲ್ಲಾ ಹಿಂದಿನ ಟೈರಿನ ಹವಾ ಕಡಿಮಿ ಐತಿ, ಇಲ್ಲಾ ಹಿಂದಿನ ಪಾಟಾ ಬುಷ್ ಹೋಗ್ಯಾವು, ಆ ಕಡೆ ಹುಡುಕ್ರಿ.

ಮಿಸ್ತ್ರಿ ಕಾಕಾ ಎರಡು ದಾರಿ ಹೇಳಿದ್ರು. ಒಂದು, ಮುಂದಿನ ಆಕ್ಸಲ್ಲಿಗೂ ಪಾಟಾಕ್ಕೂ ನಡುವ ಇಳಿಜಾರಿನ ಉಕ್ಕಿನ ಬೆಣಿ ಹಾಕೋದು. ಪಾಟಾ ಆಕ್ಸಲ್ಲಿನ ಮ್ಯಾಲ ಕುಂತಿದ್ರ ಬೆಣಿಯ ದಪ್ಪ ಕಡೆ ಹಿಂದಕ್ಕ ಬರಬೇಕು, ಪಾಟಾ ಆಕ್ಸಲ್ಲಿನ ಕೆಳಗ ಇದ್ರ ದಪ್ಪ ಕಡೆ ಮುಂದಕ್ಕ, ಉಲ್ಟಾ ಹಾಕಿದ್ರ ಇದ್ದ ಕ್ಯಾಸ್ಟರೂ ಹೋಗಿ ಗಾಡಿ ರೋಡಿನ ಮ್ಯಾಲ ಇಡಾಕ ಆಗಂಗಿಲ್ಲ. ಅಲ್ಯೂಮಿನಿಯಂ ಬೆಣಿ ಬ್ಯಾಡ, ಒಡೀತೈತಿ. ಮತ್ತ ಫೋರ್ ವೀಲ್ ಗಾಡಿಯೊಳಗ ಆಕ್ಸಲ್ಲು ತಿರುಗಿಸಿದ್ರ ಮುಂದಿನ ಡಿಫರೆನ್ಷಿಯಲ್ಲಿನ ಮೂತಿ ಕೆಳಗ ಹೋಗ್ತೈತಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟಿನ ಕೋನ ಬದಲಾಗ್ತೈತಿ, ಅದಕ್ಕ ಎರಡು ಡಿಗ್ರಿ ದಾಟಬಾರದು ಅಂದ್ರು. ಎರಡನೇ ದಾರಿ, ಕೆಟ್ಟದ್ದನ್ನ ಕೆಟ್ಟ ಜಾಗಾದಾಗ ಸರಿ ಮಾಡೋದು. ನಾನು ಎರಡನೇದು ಆರಿಸಿದೆ. ಹಿಂದಿನ ಹೆಚ್ಚಿಗಿ ಪಾಟಾದಾಗ ಒಂದು ತಗಿಸಿದ್ವಿ, 4 ಸೆಂಟಿಮೀಟರ್ ಇಳೀತು. ಮುಂದ ಹೊಸಾ ಪಾಟಾ ಸೆಟ್, ಹೊಸಾ ಬುಷ್, ಹೊಸಾ ಯೂ ಬೋಲ್ಟ್. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಹದಕ್ಕ ತಂದ್ರು, ಕಡೀಕ ಟೋ ಹಿಡಿಸಿದ್ವಿ, ಯಾಕಂದ್ರ ಎತ್ತರ ಬದಲಾದ ಮ್ಯಾಲ ಡ್ರ್ಯಾಗ್ ಲಿಂಕಿನ ಓರೆ ಬದಲಾಗಿ ಸ್ಟೇರಿಂಗ್ ಸ್ವಲ್ಪ ಸೊಟ್ಟ ಕುಂತಿತ್ತು. ಹೊಸಾ ಚೀಟಿಯೊಳಗ ಕ್ಯಾಸ್ಟರ್ 2.7, 2.5 ಬಂತು.

ಒಂದು ಪಾಟಾ ತಗದದ್ದಕ್ಕ ನಮ್ಮ ಅಪ್ಪ ಒಪ್ಪಿರ್ಲಿಲ್ಲ, ಲೋಡ್ ತಡಿಯಂಗಿಲ್ಲ ಅಂದ್ರು. ಆರ್‌ಸಿಯೊಳಗ ಬರದ ತೂಕಕ್ಕಿಂತ ಹೆಚ್ಚಿಗಿ ಹೇರದಿದ್ರ ಕಂಪನಿ ಪಾಟಾನ ಸಾಕು, ನಮ್ಮದಕ್ಕ ಇನ್ನೂ ಒಂದು ಹೆಚ್ಚಿಗಿ ಐತಿ ಅಂತ ತಿಳಿಸಿ ಹೇಳಬೇಕಾತು. ಮೊದಲನೇ ದಿನ ಖಾಲಿ ಗಾಡಿ ತಗೊಂಡು ಅವರನ್ನ ಕುಂದ್ರಿಸ್ಕೊಂಡು ಅಥಣಿ ರೋಡಿಗೆ ಹೋದೆ, 70ರಾಗ ಎರಡು ಬೆರಳಿನಿಂದ ಹಿಡದಿದ್ದು ನೋಡಿ ಅಪ್ಪ ಏನೂ ಮಾತಾಡಲಿಲ್ಲ, ಬರೋವಾಗ ತಾವ ಹೊಡೀತೀನಿ ಅಂತ ಸ್ಟೇರಿಂಗ್ ಇಸ್ಕೊಂಡ್ರು.

ಮುಂದ ಕಾಯಿಲ್ ಸ್ಪ್ರಿಂಗು, ರ‍್ಯಾಕ್ ಸ್ಟೇರಿಂಗ್ ಇರೋ ಹೊಸಾ ಗಾಡಿ ಇದ್ದವರು ಇಲ್ಲಿ ಕಿಂಗ್ ಪಿನ್ನು ಪಾಟಾ ಅಂದಲ್ಲೆಲ್ಲಾ ಲೋವರ್ ಬಾಲ್ ಜಾಯಿಂಟು, ಆರ್ಮ್ ಬುಷ್ಷು, ರ‍್ಯಾಕ್ ಹಿಡಿಯೋ ಬುಷ್ಷು ನೋಡ್ರಿ, ಕ್ರಮ ಅದ. ಹಿಂದ ಎತ್ತರ ಆದ್ರ ಕ್ಯಾಸ್ಟರ್ ಹೋಗೋದು ಆ ಗಾಡಿಗೂ ಸೈ, ಆದ್ರ ಅದರಾಗ ಭಾಳ ಮಾಡಿ ಕ್ಯಾಸ್ಟರ್ ತಿದ್ದಾಕ ಬರ್ತೈತಿ. ಸ್ಟೇರಿಂಗ್ ಡ್ಯಾಂಪರ್ ಹಾಕಿಸ್ರಿ ಅಂತ ಯಾರರ ಹೇಳಿದ್ರ, ಅದು ನಡುಕ ತಡೀತೈತಿ, ತೇಲೋದಕ್ಕ ಅಲ್ಲ.

ಪಾಟಾ ಕೆಲಸ ಮಾಡಿಸಿದವರು 300 ಕಿಲೋಮೀಟರ್ ಓಡಿದ ಮ್ಯಾಲ ಯೂ ಬೋಲ್ಟ್ ಮತ್ತೊಮ್ಮಿ ಟಾರ್ಕ್ ಪಾನಾ ಹಚ್ಚಿ ನೋಡ್ಸ್ರಿ. ಹೊಸಾ ಪಾಟಾ ಕೂಡ್ಕೊಂಡಂಗ ಬೋಲ್ಟ್ ಸಡ್ಲ ಆಗ್ತಾವು, ನಮ್ಮವು ನಾಕರಾಗ ಮೂರು ಅರ್ಧ ಸುತ್ತು ತಿರುಗಿದ್ವು.